ಆಸ್ಪತ್ರೆಗೆ ಬಂದ ಮೇಲೂ ತಾಯಂದಿರು ಯಾಕೆ ಸಾಯುತ್ತಿದ್ದಾರೆ? ಬಡ ದೇಶಗಳಲ್ಲಿ ಮೊದಲು ಏನು ಸರಿಯಾಗಬೇಕು?

ಮಳೆಬಿಲ್ಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಾರ್ವಜನಿಕ ಆರೋಗ್ಯ ಓದುತ್ತಿದ್ದೇನೆ. ಬಡ ದೇಶಗಳಲ್ಲಿ ಹೆರಿಗೆ ಆರೈಕೆ ಹೇಗೆ ಸುಧಾರಿಸಬಹುದು ಅನ್ನೋದರ ಮೇಲೆ ಒಂದು ವರದಿ ಬರೆಯಬೇಕು. ಒಂದು ತಿಂಗಳಿಂದ ಓದುತ್ತಾ ಇದ್ದೇನೆ, ಓದಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2023ರಲ್ಲಿ ಬಸಿರು ಮತ್ತು ಹೆರಿಗೆಯ ಕಾರಣಕ್ಕೆ ಸುಮಾರು 2,60,000 ಹೆಂಗಸರು ಸತ್ತಿದ್ದಾರೆ. ಅಂದರೆ ದಿನಕ್ಕೆ 700ಕ್ಕಿಂತ ಜಾಸ್ತಿ. ಇವರಲ್ಲಿ ನೂರಕ್ಕೆ 92 ಜನ ಕಡಿಮೆ ಆದಾಯದ ಮತ್ತು ಕೆಳ ಮಧ್ಯಮ ಆದಾಯದ ದೇಶಗಳವರು. ಜೀವಂತ ಹುಟ್ಟಿದ ಲಕ್ಷ ಮಕ್ಕಳಿಗೆ ಎಷ್ಟು ತಾಯಂದಿರ ಸಾವು ಅಂತ ನೋಡಿದರೆ ಬಡ ದೇಶಗಳಲ್ಲಿ 346, ಶ್ರೀಮಂತ ದೇಶಗಳಲ್ಲಿ 10. ಈ ಎರಡು ಅಂಕಿ ಪಕ್ಕಪಕ್ಕ ಬರೆದ ಮೇಲೆ ಅವತ್ತು ನನಗೆ ಮುಂದಕ್ಕೆ ಬರೆಯೋಕೇ ಆಗಲಿಲ್ಲ.

ನಾನು ಅಂದುಕೊಂಡಿದ್ದು ಸರಳವಾಗಿತ್ತು. ಮನೆಯಲ್ಲಿ ಹೆರಿಗೆ ಆದರೆ ಅಪಾಯ, ಆಸ್ಪತ್ರೆಗೆ ಕರೆತಂದರೆ ಉಳಿಯುತ್ತಾರೆ. ಆಮೇಲೆ ಉತ್ತರ ಪ್ರದೇಶದಲ್ಲಿ 120 ಆರೋಗ್ಯ ಕೇಂದ್ರಗಳಲ್ಲಿ ನಡೆಸಿದ 'ಬೆಟರ್‌ಬರ್ತ್' ಅಧ್ಯಯನ ಓದಿದೆ, 2017ರಲ್ಲಿ ಪ್ರಕಟವಾಗಿದ್ದು. ಹೆರಿಗೆ ಮಾಡಿಸುವವರ ಕೈಗೆ ಒಂದು ಚೆಕ್‌ಲಿಸ್ಟ್ ಕೊಟ್ಟರು, ಪಕ್ಕದಲ್ಲಿ ನಿಂತು ತರಬೇತಿನೂ ಕೊಟ್ಟರು. ಕೈ ತೊಳೆಯೋದು, ಬಿಪಿ ನೋಡೋದು, ಹೆರಿಗೆ ಆದ ತಕ್ಷಣ ರಕ್ತಸ್ರಾವ ತಡೆಯೋ ಇಂಜೆಕ್ಷನ್ ಕೊಡೋದು ಎಲ್ಲ ಸುಧಾರಿಸಿತು. ಆದರೆ ಸಾವಿನ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಗೆ ನನ್ನ ಲೆಕ್ಕ ತಲೆಕೆಳಗಾಯಿತು.

ನಿಮ್ಮಲ್ಲಿ ಈ ಕೆಲಸ ಹತ್ತಿರದಿಂದ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ದುಡ್ಡು ಕಮ್ಮಿ ಇರೋ ಕಡೆ ಮೊದಲು ಯಾವುದಕ್ಕೆ ಕೈ ಹಾಕಬೇಕು? ಇನ್ನೊಂದು ಪ್ರಶ್ನೆ, ಗರ್ಭನಿರೋಧಕ, ಸುರಕ್ಷಿತ ಗರ್ಭಪಾತ ಇವನ್ನೆಲ್ಲ ಇದೇ ವರದಿಯಲ್ಲಿ ಸೇರಿಸಬೇಕಾ, ಇಲ್ಲ ಬೇರೆ ವಿಷಯ ಅಂತ ಬಿಡಬೇಕಾ?

---

ರಾತ್ರಿಪಾಳಿ:

ನಾನು 19 ವರ್ಷದಿಂದ ಲೇಬರ್ ವಾರ್ಡ್ ನರ್ಸ್. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ಹೆರಿಗೆ ಆದ ಮೇಲಿನ ಮೊದಲ ಎರಡು ಗಂಟೆ. ದುಡ್ಡು ಇಲ್ಲದಿದ್ದರೂ ಸರಿ, ಜನ ಇಲ್ಲದಿದ್ದರೂ ಸರಿ, ಮೊದಲು ಆ ಎರಡು ಗಂಟೆಯನ್ನ ಕಾಪಾಡಿ.

ಯಾಕೆ ಅಂತ ಹೇಳ್ತೀನಿ. ತಾಯಂದಿರ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ರಕ್ತಸ್ರಾವ. ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರ್ ಅಥವಾ ಅದಕ್ಕೂ ಜಾಸ್ತಿ ರಕ್ತ ಹರಿಯುತ್ತಾ ಇರುತ್ತೆ. ಮಾಸು ಬಿದ್ದ ಮೇಲೆ ಗರ್ಭಕೋಶ ಮುಷ್ಟಿ ಬಿಗಿದ ಹಾಗೆ ಗಟ್ಟಿಯಾಗಬೇಕು, ಆಗ ರಕ್ತನಾಳಗಳ ಬಾಯಿ ತಾನಾಗಿ ಮುಚ್ಚುತ್ತೆ. ಗಟ್ಟಿಯಾಗಲಿಲ್ಲ ಅಂದರೆ ನಲ್ಲಿ ತೆರೆದಿಟ್ಟ ಹಾಗೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಆಗ ನಾನಿದ್ದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಇಬ್ಬರೇ, ಮಂಚ ಆರು. ಒಬ್ಬಾಕೆಗೆ ಹೆರಿಗೆ ಆಯಿತು, ಮಗು ಚೆನ್ನಾಗಿ ಅತ್ತಿತು, ಮಾಸೂ ಪೂರ್ತಿ ಬಿತ್ತು. ಕೆಳಗಿನ ಬಟ್ಟೆ ನೆನೆದಿತ್ತು, ಬದಲಾಯಿಸಿದೆ. 'ಸ್ವಲ್ಪ ಜಾಸ್ತಿ ಇದೆ' ಅಂತ ಮನಸ್ಸಿಗೆ ಅನಿಸಿತು, ಅಷ್ಟರಲ್ಲಿ ಪಕ್ಕದ ಮಂಚದವರು ಕೂಗಿದರು, ಹೋದೆ. 20 ನಿಮಿಷ ಆಗಿರಬಹುದು. ಅವಳೇ ಕರೆದಳು, "ಸಿಸ್ಟರ್, ಕಣ್ಣು ಕತ್ತಲೆ ಬರ್ತಿದೆ, ಸ್ವಲ್ಪ ನೀರು ಕೊಡಿ" ಅಂತ. ಕೈ ಹಿಡಿದರೆ ತಣ್ಣಗಿತ್ತು. ಹೊಟ್ಟೆ ಮೇಲೆ ಕೈ ಇಟ್ಟೆ, ಗಟ್ಟಿಯಾಗಿ ಸಿಗಬೇಕಾದ ಗರ್ಭಕೋಶ ಕೈಗೇ ಸಿಗುತ್ತಿಲ್ಲ, ಅಷ್ಟು ಮೆತ್ತಗಾಗಿತ್ತು. ಹೊದಿಕೆ ಎತ್ತಿ ನೋಡಿದರೆ ರಕ್ತ ಬೆನ್ನಿನ ತನಕ ಹರಿದಿತ್ತು. ಅವಳು ಉಳಿದಳು. ಅವತ್ತು ಅವಳ ಗುಂಪಿನ ಎರಡು ಬಾಟಲ್ ರಕ್ತ ಇತ್ತು, ಅದಕ್ಕೇ ಉಳಿದಳು. ಇಲ್ಲದಿದ್ದರೆ ಉಳಿಯುತ್ತಿರಲಿಲ್ಲ.

ನಾನು ಸೋಮಾರಿತನ ಮಾಡಿರಲಿಲ್ಲ. ಕಣ್ಣಂದಾಜು ನನಗೆ ಮೋಸ ಮಾಡಿತು. ಬಟ್ಟೆಯಲ್ಲಿ ಇಂಗಿದ ರಕ್ತ, ಬಕೆಟ್‌ಗೆ ಬಿದ್ದ ರಕ್ತ, ನೀರಿನ ಜೊತೆ ಸೇರಿದ ರಕ್ತ, ಇದನ್ನೆಲ್ಲ ಕಣ್ಣಲ್ಲಿ ಅಳೆದರೆ ಯಾವಾಗಲೂ ಕಮ್ಮಿ ಅಂತಲೇ ಕಾಣುತ್ತೆ. ಎಷ್ಟು ವರ್ಷ ಅನುಭವ ಇದ್ದರೂ ಅಷ್ಟೇ.

ಇದಕ್ಕೆ ಪರಿಹಾರ ತುಂಬಾ ಸಣ್ಣ ವಸ್ತು. ತಾಯಿಯ ಸೊಂಟದ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿ ಚೀಲದ ಹಾಗೆ ಮಂಚದಿಂದ ಕೆಳಕ್ಕೆ ಇಳಿಬಿದ್ದಿರುತ್ತೆ, ಚೀಲದ ಮೇಲೆ ಗೆರೆಗಳಿರುತ್ತವೆ. 300 ಎಂಎಲ್ ಗೆರೆ ಮುಟ್ಟಿದರೆ ಎಚ್ಚರ, ನಾಡಿ ಬಿಪಿ ನೋಡಿ. 500 ಮುಟ್ಟಿದರೆ ಯೋಚನೆ ಮಾಡೋ ಹಾಗಿಲ್ಲ, ಕೆಲಸ ಶುರು. ಹೊಟ್ಟೆ ಮೇಲಿಂದ ಗರ್ಭಕೋಶ ಉಜ್ಜೋದು, ಗರ್ಭಕೋಶ ಗಟ್ಟಿಯಾಗುವ ಔಷಧ, ಹೆಪ್ಪುಗಟ್ಟಿದ ರಕ್ತ ಕರಗದ ಹಾಗೆ ತಡೆಯೋ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಎಲ್ಲಿಂದ ರಕ್ತ ಬರ್ತಿದೆ ಅಂತ ಪರೀಕ್ಷೆ. ಒಂದಾದ ಮೇಲೆ ಒಂದು ಮಾಡಿ ಕಾಯೋದಲ್ಲ, ಎಲ್ಲ ಒಟ್ಟಿಗೇ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳಲ್ಲಿ, 2 ಲಕ್ಷಕ್ಕಿಂತ ಜಾಸ್ತಿ ಹೆರಿಗೆಗಳಲ್ಲಿ ಇದನ್ನ ಪರೀಕ್ಷಿಸಿದರು. 'ಇ-ಮೋಟಿವ್' ಅಂತ ಹೆಸರು, 2023ರಲ್ಲಿ ಫಲಿತಾಂಶ ಬಂತು. ಜೀವಕ್ಕೆ ಕುತ್ತು ತರುವಷ್ಟು ರಕ್ತಸ್ರಾವ ಶೇ. 60ರಷ್ಟು ಕಮ್ಮಿ ಆಯಿತು. ಹಳೇ ಪದ್ಧತಿಯ ಆಸ್ಪತ್ರೆಗಳಲ್ಲಿ ರಕ್ತಸ್ರಾವ ಆದವರಲ್ಲಿ ಅರ್ಧದಷ್ಟು ಜನರನ್ನ ಮಾತ್ರ ಗುರುತಿಸಿದ್ದರು, ಗೆರೆ ಇರೋ ಹಾಳೆ ಬಂದ ಮೇಲೆ ನೂರಕ್ಕೆ 93. ಅದನ್ನ ಓದಿದ ದಿನ ಆ ಹೆಂಗಸಿನ ತಣ್ಣನೆ ಕೈ ನೆನಪಾಗಿ ಅತ್ತುಬಿಟ್ಟೆ.

ಬೆಟರ್‌ಬರ್ತ್ ಬಗ್ಗೆ ಕೇಳಿದಿರಿ. ಒಳ್ಳೇ ಅಭ್ಯಾಸ ಬೇಕೇ ಬೇಕು. ಆದರೆ ತೊಂದರೆ ಶುರುವಾದ ಮೇಲೆ ಏನು ಮಾಡ್ತೀರಿ ಅನ್ನೋದು ಬೇರೆ ವಿಷಯ. ಅದಕ್ಕೆ ಔಷಧ ಬೇಕು, ರಕ್ತ ಬೇಕು, ಆಪರೇಷನ್ ಮಾಡೋ ಕೈ ಬೇಕು. ಚೆಕ್‌ಲಿಸ್ಟ್ ಅದನ್ನ ತಂದುಕೊಡಲ್ಲ.

---

ಉಗ್ರಾಣ:

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಔಷಧ ಪೂರೈಕೆ ಕಡೆಯವನು, ಅಲ್ಲಿಂದ ಒಂದು ಮಾತು ಸೇರಿಸುತ್ತೇನೆ.

ಗರ್ಭಕೋಶ ಗಟ್ಟಿಯಾಗೋಕೆ ಕೊಡೋ ಆಕ್ಸಿಟೋಸಿನ್ ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಕಾರ್ಖಾನೆಯಿಂದ ಲೇಬರ್ ರೂಮಿನ ತನಕ ಎಲ್ಲೂ ತಂಪು ತಪ್ಪಬಾರದು. ಕರೆಂಟ್ ಹೋಗುತ್ತೆ, ಲಾರಿ ಬಿಸಿಲಲ್ಲಿ ನಿಲ್ಲುತ್ತೆ, ಫ್ರಿಡ್ಜ್‌ನಲ್ಲಿ ಲಸಿಕೆಗೆ ಜಾಗ ಇರುತ್ತೆ, ಇದಕ್ಕೆ ಇರಲ್ಲ. ಆಂಪೂಲ್ ನೋಡೋಕೆ ಹಾಗೇ ಇರುತ್ತೆ, ಒಳಗಿನ ಶಕ್ತಿ ಹೋಗಿರುತ್ತೆ. ನರ್ಸ್ ಸರಿಯಾದ ಸಮಯಕ್ಕೆ ಸರಿಯಾದ ಇಂಜೆಕ್ಷನ್ ಕೊಟ್ಟಿರುತ್ತಾರೆ, ಆದರೂ ರಕ್ತ ನಿಲ್ಲಲ್ಲ. ತಪ್ಪು ಯಾರದ್ದು ಅಂತ ಹುಡುಕಿದರೆ ಮೂರು ತಿಂಗಳ ಹಿಂದೆ ಯಾವುದೋ ಗೋದಾಮಿನಲ್ಲಿ ಆಗಿರುತ್ತೆ.

ಇದಕ್ಕೇ ಅದೇ ಕೆಲಸ ಮಾಡುವ, ಶಾಖ ತಡೆಯುವ ಕಾರ್ಬೆಟೋಸಿನ್ ಬಂತು. 10 ದೇಶಗಳಲ್ಲಿ ಸುಮಾರು 30,000 ಹೆಂಗಸರ ಮೇಲೆ ಪರೀಕ್ಷೆ ನಡೆದು 2018ರಲ್ಲಿ ಪ್ರಕಟವಾಯಿತು. ರಕ್ತಸ್ರಾವ ಆಗದ ಹಾಗೆ ತಡೆಯೋದರಲ್ಲಿ ಆಕ್ಸಿಟೋಸಿನ್‌ಗಿಂತ ಕಮ್ಮಿ ಇಲ್ಲ, ಫ್ರಿಡ್ಜೂ ಬೇಡ. ಟ್ರಾನೆಕ್ಸಾಮಿಕ್ ಆಸಿಡ್‌ಗೂ ಫ್ರಿಡ್ಜ್ ಬೇಡ, ಆದರೆ ಅದಕ್ಕೆ ಗಡಿಯಾರ ಇದೆ. 21 ದೇಶಗಳ 20,000 ಹೆಂಗಸರನ್ನ ಸೇರಿಸಿ ನಡೆಸಿದ 'ವುಮನ್' ಅಧ್ಯಯನ 2017ರಲ್ಲಿ ಬಂತು. ಹೆರಿಗೆಯಾಗಿ 3 ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದಿಂದ ಆಗುವ ಸಾವು ಮೂರನೇ ಒಂದು ಭಾಗದಷ್ಟು ಇಳಿಯಿತು. ಆಮೇಲೆ ಕೊಟ್ಟರೆ ಲಾಭ ಇಲ್ಲ. ಹಾಗಾಗಿ ಅದು ಬೀಗ ಹಾಕಿದ ಸ್ಟೋರ್ ರೂಮಿನಲ್ಲಿದ್ದು, ಕೀಲಿ ಇರೋರು ಬೆಳಿಗ್ಗೆ 9ಕ್ಕೆ ಬರುತ್ತಾರೆ ಅಂದರೆ ಇಲ್ಲದ ಹಾಗೇ ಲೆಕ್ಕ.

ರಕ್ತದ ವಿಷಯಕ್ಕೆ ರುವಾಂಡಾ ನೋಡಿ. ಬೆಟ್ಟ ಗುಡ್ಡದ ದೇಶ, ರಸ್ತೆ ಕಷ್ಟ. 2016ರಿಂದ ಅಲ್ಲಿ ಡ್ರೋನ್ ಮೂಲಕ ರಕ್ತ ಕಳಿಸುತ್ತಿದ್ದಾರೆ, ಆಸ್ಪತ್ರೆ ಅಂಗಳಕ್ಕೆ ಸಣ್ಣ ಪ್ಯಾರಾಚೂಟ್‌ನಲ್ಲಿ ಪೆಟ್ಟಿಗೆ ಇಳಿಯುತ್ತೆ. ಎಲ್ಲ ಕಡೆ ಡ್ರೋನ್ ಬೇಕು ಅಂತ ನಾನು ಹೇಳ್ತಿಲ್ಲ. ರಕ್ತ ಎಷ್ಟು ನಿಮಿಷದಲ್ಲಿ ತಲುಪುತ್ತೆ ಅಂತ ಅಲ್ಲಿ ಯಾರೋ ಕೂತು ಲೆಕ್ಕ ಹಾಕಿದರು ನೋಡಿ, ಅದು ಮುಖ್ಯ.

---

ಕಾಲುದಾರಿ:

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೇಲಿನ ಇಬ್ಬರೂ ಆಸ್ಪತ್ರೆಯ ಬಾಗಿಲ ಒಳಗಿಂದ ಮಾತಾಡ್ತಿದ್ದೀರಿ. ನಾನು ಹಳ್ಳಿಗಳಲ್ಲಿ ಕೆಲಸ ಮಾಡಿದವಳು. ಬಾಗಿಲಿಗೆ ಬರದೇ ಇರೋರು, ತುಂಬಾ ತಡವಾಗಿ ಬಂದವರು, ಅವರ ಗತಿ ಏನು?

1994ರಲ್ಲಿ ಥಡೇಯಸ್ ಮತ್ತು ಮೇನ್ ಅನ್ನೋ ಇಬ್ಬರು 'ಮೂರು ವಿಳಂಬ' ಅಂತ ಬರೆದರು, ಈಗಲೂ ಎಲ್ಲರೂ ಅದನ್ನೇ ಹೇಳ್ತಾರೆ. ಹೋಗಬೇಕು ಅಂತ ತೀರ್ಮಾನ ಮಾಡೋದು ತಡ, ಹೋಗಿ ತಲುಪೋದು ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗೋದು ತಡ. ನೀವು ಮೂರನೆಯದನ್ನ ಹೇಳಿದಿರಿ. ಆದರೆ ಮೂರೂ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಹಿಂದಿನ ಸಲ ಆಸ್ಪತ್ರೆಗೆ ಹೋದವಳು ಹೆಣವಾಗಿ ಬಂದಳು ಅಂದರೆ ಮುಂದಿನವಳು ಯಾಕೆ ಹೊರಡ್ತಾಳೆ?

ಇನ್ನೊಂದು ಕಾರಣ ಬೈಗುಳ. ಇದನ್ನ ಯಾರೂ ವರದಿಯಲ್ಲಿ ಬರೆಯಲ್ಲ, ನೀವು ಬರೀರಿ. ನನಗೆ ಒಬ್ಬಾಕೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನೋವಿಗೆ ಕೂಗಿದೆ ಅಂತ ತೊಡೆ ಮೇಲೆ ಹೊಡೆದರು ಅಕ್ಕಾ, ಮುಂದಿನದು ಮನೆಯಲ್ಲೇ ಸತ್ತರೂ ಪರವಾಗಿಲ್ಲ." ಅವಳು ಸುಮ್ನೆ ಹೇಳಿದ್ದಲ್ಲ. ಮೂರನೇ ಹೆರಿಗೆ ಮನೆಯಲ್ಲೇ ಆಯಿತು. ಬಾಗಿಲು ಹಾಕಿಕೊಂಡು ಒಬ್ಬಳೇ ಹೆತ್ತಳು. ಹೆರಿಗೆ ಸಮಯದ ಅವಮಾನ, ಹೊಡೆತದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಪ್ರತ್ಯೇಕ ಹೇಳಿಕೆ ಕೊಡಬೇಕಾಯಿತು ಅಂದರೆ ಎಷ್ಟು ಕಡೆ ಹೀಗಿರಬೇಕು ಯೋಚಿಸಿ.

ದುಡ್ಡಿನ ಭಯ ಇನ್ನೂ ದೊಡ್ಡದು. ಸಿಯೆರಾ ಲಿಯೋನ್ 2010ರ ಏಪ್ರಿಲ್‌ನಲ್ಲಿ ಬಸುರಿಯರಿಗೆ, ಹಾಲೂಡಿಸೋ ತಾಯಂದಿರಿಗೆ, 5 ವರ್ಷದೊಳಗಿನ ಮಕ್ಕಳಿಗೆ ಚಿಕಿತ್ಸೆ ಉಚಿತ ಮಾಡಿತು. ಜಗತ್ತಿನಲ್ಲೇ ಅತಿ ಹೆಚ್ಚು ತಾಯಂದಿರು ಸಾಯುತ್ತಿದ್ದ ದೇಶಗಳಲ್ಲಿ ಅದೂ ಒಂದು. ಬಿಲ್ಲಿನ ಭಯಕ್ಕೆ ಮನೆಯಲ್ಲೇ ಉಳಿಯುತ್ತಿದ್ದವರು ಬರತೊಡಗಿದರು. ಇಥಿಯೋಪಿಯಾದಲ್ಲಿ ದೂರದ ಬಸುರಿಯರು ದಿನ ತುಂಬೋ ಮೊದಲೇ ಬಂದು ಇರೋಕೆ ಆರೋಗ್ಯ ಕೇಂದ್ರದ ಪಕ್ಕದಲ್ಲೇ ಮನೆ ಕಟ್ಟಿದ್ದಾರೆ. ನೋವು ಶುರುವಾದ ಮೇಲೆ ಗಾಡಿ ಹುಡುಕೋ ಪಾಡು ತಪ್ಪುತ್ತೆ.

ಕೊನೆಗೆ, ಹೆಂಗಸರ ಗುಂಪುಗಳು. ನೇಪಾಳದ ಮಕವಾನ್‌ಪುರದಲ್ಲಿ ಊರಿನ ಹೆಂಗಸರು ತಿಂಗಳಿಗೊಮ್ಮೆ ಕೂತು, ನಮ್ಮ ಹೆರಿಗೆಗಳಲ್ಲಿ ಏನು ತೊಂದರೆ ಆಗ್ತಿದೆ, ನಾವೇ ಏನು ಮಾಡಬಹುದು ಅಂತ ಮಾತಾಡುತ್ತಿದ್ದರು. ನಡೆಸುತ್ತಿದ್ದವಳೂ ಅಲ್ಲಿಯವಳೇ, ಡಾಕ್ಟರ್ ಅಲ್ಲ, ನರ್ಸ್ ಅಲ್ಲ. ಗುಂಪಿನಲ್ಲೇ ದುಡ್ಡು ಕೂಡಿಟ್ಟರು, ಸ್ಟ್ರೆಚರ್ ಮಾಡಿಸಿದರು. ಗುಂಪು ಇದ್ದ ಕಡೆ ಹಸುಗೂಸುಗಳ ಸಾವು ಶೇ. 30ರಷ್ಟು ಕಮ್ಮಿ ಆಗಿದ್ದು 2004ರಲ್ಲಿ ವರದಿಯಾಯಿತು. ಆಮೇಲೆ ಬಾಂಗ್ಲಾದೇಶ, ಭಾರತ, ಮಲಾವಿಯಲ್ಲೂ ಇದನ್ನ ಮಾಡಿ ನೋಡಿದರು. ಬಸುರಿಯರಲ್ಲಿ ಮೂರರಲ್ಲಿ ಒಬ್ಬರಾದರೂ ಗುಂಪಿಗೆ ಬಂದ ಕಡೆಗಳಲ್ಲಿ ತಾಯಂದಿರ ಸಾವೂ ಚೆನ್ನಾಗಿ ಇಳಿದಿತ್ತು. ಅಲ್ಲಿ ಹಂಚಿದ್ದು ಮಾತ್ರೆ ಅಲ್ಲ, ಮಾತು.

---

ರಾತ್ರಿಪಾಳಿ:

ಕಾಲುದಾರಿ ಅವರೇ, ಬೇಜಾರು ಯಾಕೆ. ಹೊಡೆಯೋದನ್ನ ನಾನೂ ಕಣ್ಣಾರೆ ನೋಡಿದ್ದೇನೆ, ಹೊಸಬಳಾಗಿದ್ದಾಗ ಬಾಯಿ ಬಿಡೋ ಧೈರ್ಯ ಆಗಲಿಲ್ಲ, ಅದು ಇವತ್ತಿಗೂ ಚುಚ್ಚುತ್ತೆ. ಆರು ಮಂಚಕ್ಕೆ ಇಬ್ಬರು ಅಂತ ಇಟ್ಟರೆ ಒಳ್ಳೆಯವರೂ ಸಿಡುಕುತ್ತಾರೆ, ಇದು ಸಮರ್ಥನೆ ಅಲ್ಲ. ಜೊತೆಗೆ ಅಮ್ಮನೋ ಅಕ್ಕನೋ ಒಬ್ಬರು ನಿಲ್ಲೋಕೆ ಬಿಟ್ಟರೆ ಕೂಗಾಟ ಎಷ್ಟೋ ಕಮ್ಮಿ ಆಗುತ್ತೆ, ಖರ್ಚೂ ಇಲ್ಲ. ಇದನ್ನ ನಾವು ಮಾಡಿ ನೋಡಿದ್ದೇವೆ.

---

ಹಳೆ_ಸ್ಟೆತಾಸ್ಕೋಪ್:

ನಾನು ಹೆರಿಗೆ ಮತ್ತು ಸ್ತ್ರೀರೋಗ ವೈದ್ಯೆ, ನಿವೃತ್ತಿ ಆಗಿದೆ. ಮಳೆಬಿಲ್ಲು, ನಿಮ್ಮ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೀನಿ. ಖಂಡಿತ ಸೇರಿಸಿ. ಬೇಡದ ಬಸಿರನ್ನ ತಡೆಯದಿದ್ದರೆ ಅದು ಎರಡು ದಾರಿಯಲ್ಲಿ ನಿಮ್ಮ ಲೆಕ್ಕಕ್ಕೆ ವಾಪಸ್ ಬರುತ್ತೆ. ಒಂದು, ಮೈ ಚೇತರಿಸಿಕೊಳ್ಳೋ ಮೊದಲೇ ಮತ್ತೊಂದು ಹೆರಿಗೆ. ರಕ್ತ ಕಮ್ಮಿ ಇರೋ ಹೆಂಗಸಿಗೆ ಅರ್ಧ ಲೀಟರ್ ಹೋದರೂ ತಡೆಯೋ ಶಕ್ತಿ ಇರಲ್ಲ. ಇನ್ನೊಂದು, ಕದ್ದುಮುಚ್ಚಿ ಮಾಡಿಸೋ ಗರ್ಭಪಾತ. ಗರ್ಭಕೋಶಕ್ಕೆ ಕಡ್ಡಿ ಹಾಕಿಸಿಕೊಂಡು, ನಂಜು ಮೈಗೆಲ್ಲ ಏರಿದ ಮೇಲೆ ಬರುತ್ತಿದ್ದ ಹುಡುಗಿಯರನ್ನ ನೋಡಿದ್ದೇನೆ. ಏನಾಯಿತು ಅಂತ ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಜ್ವರ ಅಷ್ಟೇ ಅನ್ನೋರು.

ನೇಪಾಳದಲ್ಲಿ ಒಂದು ಕಾಲಕ್ಕೆ ಗರ್ಭಪಾತ ಮಾಡಿಸಿಕೊಂಡ ಹೆಂಗಸರನ್ನ ಜೈಲಿಗೆ ಹಾಕುತ್ತಿದ್ದರು. 2002ರಲ್ಲಿ ಕಾನೂನು ಬದಲಾಯಿತು. ಆಮೇಲೆ ನರ್ಸ್‌ಗಳಿಗೂ ತರಬೇತಿ ಕೊಟ್ಟು ಆರಂಭದ ವಾರಗಳ ಗರ್ಭಪಾತ ಸೇವೆಯನ್ನ ಹಳ್ಳಿ ಕಡೆಗೂ ಒಯ್ದರು. ಬಡ ದೇಶವೇ, ಬೆಟ್ಟದ ದೇಶವೇ, ಆದರೂ ಮಾಡಿದರು. ಗರ್ಭನಿರೋಧಕದಲ್ಲಿ ಹೊಸದು ಅಂದರೆ ಹೆಂಗಸರೇ ಮನೆಯಲ್ಲಿ ಚರ್ಮದ ಕೆಳಗೆ ಚುಚ್ಚಿಕೊಳ್ಳೋ ಮೂರು ತಿಂಗಳ ಇಂಜೆಕ್ಷನ್. ಮಲಾವಿಯಲ್ಲಿ ನೋಡಿದಾಗ ತಾವೇ ಚುಚ್ಚಿಕೊಂಡವರಲ್ಲಿ ಒಂದು ವರ್ಷ ಆದ ಮೇಲೂ ಮುಂದುವರಿಸಿದವರು ಶೇ. 73, ಆರೋಗ್ಯ ಕಾರ್ಯಕರ್ತರ ಹತ್ತಿರ ಹೋಗಿ ಹಾಕಿಸಿಕೊಂಡವರಲ್ಲಿ ಶೇ. 45. ಪ್ರತಿ ಮೂರು ತಿಂಗಳಿಗೆ ಅಷ್ಟು ದೂರ ನಡೆದು, ಮನೆಯವರಿಗೆ ಕಾರಣ ಹೇಳಿ ಹೋಗಬೇಕಲ್ಲ, ಅದೇ ತಪ್ಪಿತು.

ರಕ್ತಸ್ರಾವದ ಬಗ್ಗೆ ಸಿಸ್ಟರ್ ಚೆನ್ನಾಗಿ ಹೇಳಿದ್ದಾರೆ. ಬಿಪಿ ಮರೆಯಬೇಡಿ. ಬಿಪಿ ಏರಿ ಫಿಟ್ಸ್ ಬರೋದನ್ನ ತಡೆಯೋಕೆ ಮೆಗ್ನೀಸಿಯಂ ಸಲ್ಫೇಟ್ ಇದೆ, ಹಳೇ ಔಷಧ, ಅಗ್ಗದ ಔಷಧ. 33 ದೇಶಗಳಲ್ಲಿ ನಡೆದ 'ಮ್ಯಾಗ್‌ಪೈ' ಅಧ್ಯಯನದಲ್ಲಿ ಫಿಟ್ಸ್ ಬರೋದು ಅರ್ಧಕ್ಕಿಂತ ಕೆಳಗೆ ಇಳಿದಿದ್ದು 2002ರಲ್ಲೇ ಗೊತ್ತಾಗಿತ್ತು. ಅಷ್ಟು ವರ್ಷ ಆದ ಮೇಲೂ ಡೋಸ್ ಜಾಸ್ತಿ ಆದರೆ ಉಸಿರು ನಿಲ್ಲುತ್ತೆ ಅಂತ ಹೆದರಿ ಕೊಡದೇ ದೊಡ್ಡಾಸ್ಪತ್ರೆಗೆ ಕಳಿಸೋರನ್ನ ನೋಡಿದ್ದೇನೆ. ದಾರಿಯಲ್ಲೇ ಫಿಟ್ಸ್ ಬರುತ್ತೆ. ಡೋಸ್ ಜಾಸ್ತಿ ಆಯಿತಾ ಅಂತ ತಿಳಿಯೋಕೆ ಮಂಡಿ ತಟ್ಟಿ ನೋಡೋದು, ಉಸಿರು ಎಣಿಸೋದು, ಮೂತ್ರ ಎಷ್ಟು ಬಂತು ಅಂತ ನೋಡೋದು, ಈ ಮೂರು ಕಲಿಸಿಕೊಟ್ಟರೆ ಭಯ ಹೋಗುತ್ತೆ. ಮೊದಲ ಡೋಸ್ ಕೊಟ್ಟೇ ಕಳಿಸಬೇಕು.

ಆಪರೇಷನ್ ಮಾಡೋರು ಇಲ್ಲ ಅನ್ನೋದಕ್ಕೆ ಮೊಜಾಂಬಿಕ್ ಉತ್ತರ ಕೊಟ್ಟಿದೆ. ಯುದ್ಧದ ಕಾಲ, ಡಾಕ್ಟರ್‌ಗಳೇ ಇಲ್ಲ. 1984ರಲ್ಲಿ ಡಾಕ್ಟರ್ ಅಲ್ಲದ ಆರೋಗ್ಯ ಸಿಬ್ಬಂದಿಗೆ ಸಿಸೇರಿಯನ್ ಕಲಿಸೋಕೆ ಶುರು ಮಾಡಿದರು. ಮುಂದೆ ಹಳ್ಳಿ ಕಡೆಯ ಜಿಲ್ಲಾ ಆಸ್ಪತ್ರೆಗಳಲ್ಲಿ ಹೆರಿಗೆಗೆ ಸಂಬಂಧಿಸಿದ ದೊಡ್ಡ ಆಪರೇಷನ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಅವರೇ ಮಾಡುತ್ತಿದ್ದರು, ಫಲಿತಾಂಶ ಡಾಕ್ಟರ್‌ಗಳು ಮಾಡಿದ್ದರ ಹಾಗೇ ಇತ್ತು. ತರಬೇತಿ ಆದವರಲ್ಲಿ ಹೆಚ್ಚಿನವರು ಆ ಊರು ಬಿಟ್ಟು ಹೋಗಲೂ ಇಲ್ಲ. ನಮ್ಮ ವೃತ್ತಿಯವರು ಇದನ್ನ ಒಪ್ಪೋಕೆ ಹಿಂದೇಟು ಹಾಕ್ತಾರೆ, ಅದು ತಪ್ಪು ಅಂತ ನಾನು ನೇರವಾಗಿ ಹೇಳ್ತೀನಿ.

ಸಾಯದೆ ಉಳಿದವರ ಪಾಡೂ ಬರೀರಿ. ಎರಡು ಮೂರು ದಿನ ನೋವು ತಿಂದು, ಮಗು ಹೊಟ್ಟೆಯಲ್ಲೇ ಸತ್ತು, ಮೂತ್ರಕೋಶಕ್ಕೆ ತೂತಾಗಿ ಹಗಲೂ ರಾತ್ರಿ ಮೂತ್ರ ಸೋರುತ್ತಾ ಇರುತ್ತೆ. ವಾಸನೆ ಅಂತ ಗಂಡ ಬಿಡ್ತಾನೆ, ಊರು ಬಿಡುತ್ತೆ. ಫಿಸ್ಟುಲಾ ಅಂತಾರೆ. ವೈದ್ಯೆ ಕ್ಯಾಥರಿನ್ ಹ್ಯಾಮ್ಲಿನ್ ಮತ್ತು ವೈದ್ಯರೇ ಆಗಿದ್ದ ಅವರ ಗಂಡ ರೆಜಿನಾಲ್ಡ್ 1974ರಲ್ಲಿ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಇದಕ್ಕೇ ಅಂತ ಒಂದು ಆಸ್ಪತ್ರೆ ಕಟ್ಟಿದರು. ದಶಕಗಟ್ಟಲೆ ತೂತು ಹೊಲಿದ ಆ ಸಂಸ್ಥೆ 2007ರಲ್ಲಿ ಸೂಲಗಿತ್ತಿಯರ ಕಾಲೇಜು ಶುರು ಮಾಡಿತು. ಹೊಲಿಯೋದಕ್ಕಿಂತ ಮೊದಲು ಹಳ್ಳಿಯಲ್ಲಿ ಒಬ್ಬಳು ಕಲಿತ ಸೂಲಗಿತ್ತಿ ಇರಬೇಕಿತ್ತು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು.

---

ಮಳೆಬಿಲ್ಲು:

ಎಲ್ಲರಿಗೂ ತುಂಬಾ ಧನ್ಯವಾದ, ಎರಡು ಸಲ ಓದಿದೆ. ನಾನು ವರದಿಯನ್ನ 'ಮನೆಯಾ ಆಸ್ಪತ್ರೆಯಾ' ಅಂತ ಭಾಗ ಮಾಡಿದ್ದೆ, ಅದನ್ನ ಅಳಿಸಿದೆ. ಈಗ ಒಬ್ಬ ಹೆಂಗಸಿನ ಹಾದಿಯ ಪ್ರಕಾರ ಬರೀತೀನಿ, ಬಸಿರು ಬೇಕಾ ಬೇಡವಾ ಅನ್ನೋದರಿಂದ ಶುರುವಾಗಿ ಆ ಎರಡು ಗಂಟೆಯ ತನಕ. ಶ್ರೀಲಂಕಾ ಬಗ್ಗೆ ಮೊದಲೇ ಓದಿದ್ದೆ. 1930, 40ರ ದಶಕದಲ್ಲಿ ಲಕ್ಷಕ್ಕೆ ಸಾವಿರಕ್ಕಿಂತ ಜಾಸ್ತಿ ಸಾವು ಇದ್ದ ದೇಶ, ಊರೂರಿಗೆ ತರಬೇತಿ ಪಡೆದ ಸೂಲಗಿತ್ತಿ, ಉಚಿತ ಆಸ್ಪತ್ರೆ, ಪ್ರತಿ ಸಾವಿನ ವಿಚಾರಣೆ ಅಂತ ಮಾಡಿ, 2030ಕ್ಕೆ ಜಗತ್ತು ಇಟ್ಟುಕೊಂಡಿರೋ, ಲಕ್ಷಕ್ಕೆ 70ಕ್ಕಿಂತ ಕಮ್ಮಿ ಸಾವು ಅನ್ನೋ ಗುರಿಯನ್ನ ಯಾವಾಗಲೋ ಮುಟ್ಟಿಬಿಟ್ಟಿದೆ. ಇದರಲ್ಲಿ ಒಂದನ್ನೇ ಮಾಡಿದ್ದರೆ ಆಗುತ್ತಿರಲಿಲ್ಲ ಅಂತ ಈಗ ಅರ್ಥ ಆಗ್ತಿದೆ.

ಮುಂದಿನ ತಿಂಗಳು ನನ್ನನ್ನ ಒಂದು ಸಣ್ಣ ಹೆರಿಗೆ ಕೇಂದ್ರ ನೋಡೋಕೆ ಕಳಿಸ್ತಿದ್ದಾರೆ. ಅಲ್ಲಿ ಏನು ನೋಡಬೇಕು ಸಿಸ್ಟರ್?

---

ರಾತ್ರಿಪಾಳಿ:

ಹಗಲು ಹೋಗಬೇಡಿ, ರಾತ್ರಿ ಹೋಗಿ. ಹಗಲು ಎಲ್ಲ ಚೆನ್ನಾಗಿಯೇ ಕಾಣುತ್ತೆ. ರಿಜಿಸ್ಟರ್ ಆಮೇಲೆ ನೋಡಿ, ಮೊದಲು ಫ್ರಿಡ್ಜ್ ಬಾಗಿಲು ತೆಗೆದು ಒಳಗೆ ಥರ್ಮಾಮೀಟರ್ ಇದೆಯಾ, ಎಷ್ಟು ತೋರಿಸ್ತಿದೆ ನೋಡಿ. ಈಗ ರಕ್ತಸ್ರಾವ ಶುರುವಾದರೆ ಔಷಧ ಎಲ್ಲಿದೆ ಅಂತ ಕೇಳಿ, ಅವರು ಕೈಗೆ ತಂದುಕೊಡೋ ತನಕ ಗಡಿಯಾರ ನೋಡ್ತಾ ಇರಿ. ಹತ್ತಿರದ ರಕ್ತ ಎಲ್ಲಿದೆ, ತರೋ ಗಾಡಿಯ ಡ್ರೈವರ್ ಈಗ ಎಲ್ಲಿ ಮಲಗಿದ್ದಾನೆ ಅಂತ ಕೇಳಿ. ಕೊನೆಯ ಸಲ ಒಬ್ಬ ತಾಯಿ ತೀರಿಕೊಂಡಾಗ ಎಲ್ಲರೂ ಕೂತು ಮಾತಾಡಿದಿರಾ, ಆಮೇಲೆ ಏನು ಬದಲಾಯಿತು ಅಂತ ಕೇಳಿ. ಯಾರ ತಪ್ಪು ಅಂತ ಮಾತ್ರ ಕೇಳಬೇಡಿ, ಕೇಳಿದರೆ ಆಮೇಲೆ ನಿಮಗೆ ಯಾರೂ ನಿಜ ಹೇಳಲ್ಲ.

ಆಗಷ್ಟೇ ಹೆತ್ತವರು ಯಾರಾದರೂ ಇದ್ದರೆ ಹತ್ತಿರ ಹೋಗಿ ಕೂತ್ಕೊಳ್ಳಿ. ಸಿಸ್ಟರ್ ಒಪ್ಪಿದರೆ, ಆ ತಾಯಿಯೂ ಒಪ್ಪಿದರೆ, ಹೊಕ್ಕುಳ ಹತ್ತಿರ ಕೈ ಇಡೋದು ಹೇಗೆ ಅಂತ ತೋರಿಸಿಕೊಡ್ತಾರೆ. ಗಟ್ಟಿಯಾದ ಗರ್ಭಕೋಶ ಕೈಗೆ ಹೇಗೆ ಸಿಗುತ್ತೆ ಅಂತ ಒಂದು ಸಲ ಮುಟ್ಟಿ ನೋಡಿ. ಆಮೇಲೆ ವರದಿ ಬರೀರಿ.